ಅಲ್ಲಾಡಬಾರದು

ಎಲ್ಲರಿಗೂ ನಮಸ್ಕಾರ.

ಹೋದ ವಾರ ಬಾನುಲಿ ಕೇಂದ್ರದವರು ಫೋನ್ ಮಾಡಿದರು. "ಗುಡ್ಡದಿಂದ ಸೈಕಲ್ ಇಳಿಸುವ ಹುಡುಗರು ಜಾಸ್ತಿ ಆಗಿದ್ದಾರೆ. ಅವರಿಗೆ ಎಂಥ ಹೆಲ್ಮೆಟ್ ಬೇಕು ಅಂತ 12 ನಿಮಿಷ ಮಾತಾಡಿ" ಅಂದರು. ನಿಜ ಹೇಳಬೇಕೆಂದರೆ 12 ನಿಮಿಷ ಬೇಕಾಗಿಲ್ಲ. ಒಂದೇ ಮಾತು. ಹೆಲ್ಮೆಟ್ ತಲೆಯ ಮೇಲೆ ಅಲ್ಲಾಡಬಾರದು. ಇಷ್ಟು ಕೇಳಿ ನೀವು ರೇಡಿಯೋ ಆರಿಸಿದರೂ ನನಗೆ ಬೇಜಾರಿಲ್ಲ. ಆದರೆ ಕೊಟ್ಟ ಹೊತ್ತು ತುಂಬಿಸಬೇಕಲ್ಲ, ಮುಂದುವರಿಸುತ್ತೇನೆ.

ನಾನು ಚಿಕ್ಕಮಗಳೂರಿನಲ್ಲಿ ಸೈಕಲ್ ಅಂಗಡಿ ಇಟ್ಟು 18 ವರ್ಷ ಆಯಿತು. ಶುರುವಿನಲ್ಲಿ ಪಂಕ್ಚರ್ ಹಾಕುವುದು, ರಿಮ್ಮಿನ ಡೊಂಕು ತೆಗೆಯುವುದು, ಇಷ್ಟೇ ಕೆಲಸ. ಈಗ ಬರುವ ಸೈಕಲ್‌ಗಳಿಗೆ ಡಿಸ್ಕ್ ಬ್ರೇಕು, ಹಿಂದೆ ಮುಂದೆ ಶಾಕ್ ಅಬ್ಸಾರ್ಬರು. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಗುಡ್ಡ. ಅದನ್ನು ಕಿಟಕಿಯಲ್ಲಿ ನೋಡುತ್ತಾ ಬೆಳೆದ ಹುಡುಗನಿಗೆ ಸೈಕಲ್ ಇಳಿಸಬೇಡ ಅಂದರೆ ಕೇಳುತ್ತಾನಾ? ನಾನೂ ಕೇಳಿರಲಿಲ್ಲ.

ಈ ಹುಚ್ಚು ನಮ್ಮೂರಿನದಲ್ಲ ಬಿಡಿ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿ ಅನ್ನುವ ಕಡೆ, ಕೆಲವು ಹುಡುಗರು ಹಳೇ ದಪ್ಪ ಟಯರಿನ ಸೈಕಲ್ ಹಿಡಿದು ಗುಡ್ಡದ ಮಣ್ಣು ದಾರಿಯಲ್ಲಿ ರೇಸ್ ಶುರು ಮಾಡಿದರು. ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುವ ಸೈಕಲ್ ಅವು. ಒಂದು ಸಲ ಕೆಳಗೆ ಇಳಿಯುವಷ್ಟರಲ್ಲಿ ಹಿಂದಿನ ಚಕ್ರದ ನಡುವಿರುವ ಹಬ್ಬಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು. ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು. ಹಾಗೆ ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ರಿಪ್ಯಾಕ್ ಅನ್ನುತ್ತಾರೆ. ಆ ರೇಸಿಗೆ ಅದೇ ಹೆಸರು ನಿಂತಿತು, ರಿಪ್ಯಾಕ್. ಹಬ್ ಬಿಚ್ಚಿ ಕೈ ಕಪ್ಪು ಮಾಡಿಕೊಂಡವನಿಗೆ ಈ ಕಥೆ ಎಷ್ಟು ಇಷ್ಟ ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ. ಆಗಿನ ಫೋಟೋ ನೋಡಿದರೆ ಎಷ್ಟೋ ಜನರದು ಬರೀ ತಲೆ. ಈಗ ಹಾಗಿಲ್ಲ. ಹೀಗೆ ಗುಡ್ಡ ಇಳಿಯುವ ಡೌನ್‌ಹಿಲ್ ರೇಸುಗಳಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಅಂದರೆ ಯುಸಿಐ, ಮುಖ ಪೂರಾ ಮುಚ್ಚುವ ಫುಲ್ ಫೇಸ್ ಹೆಲ್ಮೆಟ್ ಇಲ್ಲದೆ ಗೆರೆ ದಾಟಲು ಬಿಡುವುದಿಲ್ಲ.

ಯಾಕೆ ಫುಲ್ ಫೇಸ್? ಊರೊಳಗೆ ಸೈಕಲ್‌ನಿಂದ ಬಿದ್ದರೆ ಸಾಮಾನ್ಯವಾಗಿ ಮಗ್ಗುಲಿಗೆ ಬೀಳುತ್ತೇವೆ. ಇಳಿಜಾರಿನಲ್ಲಿ ಮುಂದಿನ ಚಕ್ರ ಬೇರಿಗೋ ಕಲ್ಲಿಗೋ ಸಿಕ್ಕಿತು ಅಂದರೆ ಹ್ಯಾಂಡಲ್ ಮೇಲಿಂದ ಹಾರಿ ಹೋಗುತ್ತೇವೆ. ಮೊದಲು ನೆಲ ಮುಟ್ಟುವುದು ಮುಖ. ಹಲ್ಲು, ಮೂಗು, ದವಡೆ. ನೆತ್ತಿ ಮಾತ್ರ ಮುಚ್ಚುವ ಹೆಲ್ಮೆಟ್ ಅಲ್ಲಿ ಏನು ಮಾಡೀತು? ಗದ್ದದ ಮುಂದೆ ಅಡ್ಡಪಟ್ಟಿ ಇರಲೇಬೇಕು. ಕೊಳ್ಳುವಾಗ ಒಳಗಿನ ಚೀಟಿ ಓದಿ. ಎಎಸ್‌ಟಿಎಂ ಎಫ್ 1952 ಅನ್ನುವ ಅಮೆರಿಕದ ಗುಣಮಟ್ಟದ ಗುರುತು ಇದ್ದರೆ ಅದು ಡೌನ್‌ಹಿಲ್‌ಗೆ ಅಂತಲೇ ಪರೀಕ್ಷೆ ಮಾಡಿದ ಹೆಲ್ಮೆಟ್. ಆ ಅಡ್ಡಪಟ್ಟಿಗೂ ಹೊಡೆದು ನೋಡಿರುತ್ತಾರೆ. ಇಎನ್ 1078 ಅನ್ನುವ ಯುರೋಪಿನ ಗುರುತು ಮಾತ್ರ ಇದ್ದರೆ ಅದು ಮಾಮೂಲಿ ಸೈಕಲ್ ಪರೀಕ್ಷೆ. ಅದರಲ್ಲಿ ಅಡ್ಡಪಟ್ಟಿಯನ್ನು ಯಾರೂ ಮುಟ್ಟಿರುವುದಿಲ್ಲ.

"ಮೋಟಾರ್ ಬೈಕಿನ ಹೆಲ್ಮೆಟ್ ಮನೇಲೇ ಇದೆಯಲ್ಲ, ಐಎಸ್‌ಐ ಗುರುತೂ ಇದೆ, ಅದು ಆಗಲ್ವಾ?" ಅಂಗಡಿಗೆ ಬರುವ ಹತ್ತು ಅಪ್ಪಂದಿರಲ್ಲಿ ಎಂಟು ಜನ ಇದನ್ನು ಕೇಳುತ್ತಾರೆ. ಆಗಲ್ಲ. ಅದು ಒಂದೂವರೆ ಕೆಜಿವರೆಗೂ ತೂಗುತ್ತದೆ. ಸೈಕಲ್‌ನದು ಒಂದು ಕೆಜಿ ಆಸುಪಾಸು, ಕೆಲವು ಇನ್ನೂ ಕಮ್ಮಿ. ಬೈಕಿನಲ್ಲಿ ನಾವು ಕೂತಿರುತ್ತೇವೆ. ಸೈಕಲ್ ಇಳಿಸುವಾಗ ಪೆಡಲ್ ಮೇಲೆ ನಿಂತು ಏದುಸಿರು ಬಿಡುತ್ತಿರುತ್ತೇವೆ. ಗಾಳಿ ಆಡದೆ ಗಾಜಿಗೆ ಹಬೆ ಕಟ್ಟುತ್ತದೆ. ದಾರಿಯೇ ಕಾಣದ ಮೇಲೆ ಹೆಲ್ಮೆಟ್ ಎಷ್ಟು ಗಟ್ಟಿ ಇದ್ದು ಏನು ಬಂತು? ಪೊಲೀಸ್ ಕಂಡಾಗ ಮಾತ್ರ ಹಾಕಿಕೊಳ್ಳುವ ಆ ಬೋಗುಣಿಯಂಥ ಹೆಲ್ಮೆಟ್ ಬಗ್ಗೆ ಕೇಳಲೇಬೇಡಿ.

ಈಗ ನನ್ನ ಮಾತಿಗೆ ಬರುತ್ತೇನೆ. ಅಲ್ಲಾಡಬಾರದು. ಮನೆಯಲ್ಲಿ ಬಟ್ಟೆ ಹೊಲಿಯುವ ಟೇಪ್ ಇದ್ದರೆ ತಗೊಳ್ಳಿ. ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು, ಕಿವಿ ಮೇಲಿಂದ, ಹಿಂದೆ ತಲೆ ಉಬ್ಬಿರುವ ಕಡೆಗೆ ಸುತ್ತಿ ಅಳೆಯಿರಿ. ಬಂದ ಸೆಂಟಿಮೀಟರನ್ನು ಪೆಟ್ಟಿಗೆಯ ಮೇಲಿನ ಅಳತೆಗೆ ಹೋಲಿಸಿ. ಮೀಡಿಯಂ, ಲಾರ್ಜ್ ಅನ್ನುವುದನ್ನು ನಂಬಬೇಡಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್. ಆಮೇಲೆ ತಲೆಗೆ ಹಾಕಿ. ಕೆನ್ನೆಯ ಮೆತ್ತೆ ಎರಡೂ ಕಡೆ ಒತ್ತಬೇಕು. ಎಷ್ಟು ಅಂದರೆ, ಮಾತಾಡಲು ಹೋದರೆ ಒಳಗೆ ಕೆನ್ನೆ ಹಲ್ಲಿಗೆ ಸಿಗಬೇಕು. ಗದ್ದದ ಕೆಳಗಿನ ಪಟ್ಟಿ ಹಾಕದೆ ತಲೆಯನ್ನು ಬೇಡ ಬೇಡ ಅನ್ನುವಂತೆ ಆಡಿಸಿ. ಹೆಲ್ಮೆಟ್ ಜೊತೆಗೇ ತಿರುಗಬೇಕು. ಹಣೆಯ ಚರ್ಮ ಎಳೆದ ಹಾಗೆ ಆಗಬೇಕು. ಕೊನೆಗೆ ಪಟ್ಟಿ ಬಿಗಿದು, ಇನ್ನೊಬ್ಬರ ಕೈಲಿ ಹಿಂದಿನ ಅಂಚು ಹಿಡಿದು ಮುಂದಕ್ಕೆ ಎಳೆಸಿ. ಜೋರಾಗಿ, ನಾಚಿಕೆ ಬಿಟ್ಟು. ಕಳಚಿ ಬಂದರೆ ಆ ಹೆಲ್ಮೆಟ್ ನಿಮ್ಮದಲ್ಲ.

ಈ ಎಳೆದು ನೋಡುವುದನ್ನು ನಾನು ಬಿಟ್ಟಿದ್ದು ಒಂದೇ ಸಲ. ಅದನ್ನು ಹೇಳಲೇಬೇಕು.

ನಾಲ್ಕು ವರ್ಷದ ಹಿಂದೆ. ಆಲ್ದೂರಿನ ಹತ್ತಿರ ನಮ್ಮ ಅಕ್ಕನ ಮನೆ, ಸಣ್ಣ ಕಾಫಿ ತೋಟ. ಅಳಿಯನಿಗೆ ಆಗ 14 ವರ್ಷ. ಹೆಲ್ಮೆಟ್ ಕೊಡಿಸಲು ಅಕ್ಕ ಅವನನ್ನು ಕರೆದುಕೊಂಡು ಅಂಗಡಿಗೆ ಬಂದಳು. ತಲೆ ಅಳೆದೆ, 54 ಸೆಂಟಿಮೀಟರ್. ಅದಕ್ಕೆ ಸರಿಯಾದದ್ದು ಹಾಕಿದೆ. ಹುಡುಗನ ಕೆನ್ನೆ ಉಬ್ಬಿ ತುಟಿ ಮುಂದೆ ಬಂತು. ಅಕ್ಕನಿಗೆ ನಗು, ಆಮೇಲೆ ಕೋಪ.

"ಅವನಿಗೆ ಉಸಿರು ಕಟ್ಟುತ್ತೆ ಕಣೋ. ಬೆಳೆಯೋ ಹುಡುಗ ಬೇರೆ. ಒಂದು ಸೈಜ್ ದೊಡ್ಡದು ಕೊಡು, ಮುಂದಿನ ವರ್ಷಕ್ಕೂ ಆಗುತ್ತೆ."

"ಅಕ್ಕಾ, ಇದು ಸ್ಕೂಲ್ ಯೂನಿಫಾರಂ ಅಲ್ಲ."

"ವರ್ಷಕ್ಕೊಂದು ಮಾರೋಣ ಅಂತ ತಾನೇ? ನನ್ನ ಹತ್ರಾನೂ ವ್ಯಾಪಾರದ ಬುದ್ಧಿ ತೋರಿಸ್ತೀಯಾ?"

ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ನನಗೆ ಮುಜುಗರ. 58ರಿಂದ 60ರ ತಲೆಗೆ ಮಾಡಿದ್ದನ್ನು ಕಟ್ಟಿ ಕೊಟ್ಟೆ. ಒಂದಲ್ಲ, ಎರಡು ಸೈಜ್ ದೊಡ್ಡದು. ಅಕ್ಕ ಸಾಮಾನ್ಯಳಲ್ಲ, ಸಡಿಲ ಇರುವುದು ಅವಳಿಗೂ ಕಂಡಿತ್ತು. ಮನೆಗೆ ಹೋಗಿ ಒಳಗೊಂದು ಮಂಗನ ಟೋಪಿ ಹಾಕಿಸಿದಳು. ಹೌದು, ಚಳಿಗಾಲಕ್ಕೆ ಹಾಕುತ್ತೇವಲ್ಲ, ಅದೇ ಉಣ್ಣೆ ಟೋಪಿ. "ನೋಡು, ಈಗ ಸರಿಯಾಯ್ತು" ಅಂತ ಫೋನಿನಲ್ಲಿ ನನಗೇ ಹೇಳಿದಳು.

ಫೆಬ್ರವರಿಯಲ್ಲಿ ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಕಾಫಿ ಕೊಯ್ಲು ಮುಗಿದಿತ್ತು. ಕಣದಲ್ಲಿ ಮೆಣಸು ಹರವಿದ್ದರು. ಹೂವಿಗೆ ನೀರು ಕೊಡಲು ಸ್ಪ್ರಿಂಕ್ಲರ್ ಪೈಪು ಎಳೆದು, ಜೀಪ್ ದಾರಿಗೆ ಅಡ್ಡ ಬಿಟ್ಟಿದ್ದರು. ಅಳಿಯ ಮೇಲಿನಿಂದ ಆ ದಾರಿಯಲ್ಲೇ ಇಳಿಯುತ್ತಿದ್ದ. ಪೈಪ್ ಇರುವುದು ಅವನಿಗೆ ಗೊತ್ತು. ಎರಡು ದಿನದಿಂದ ಅದನ್ನು ಹಾರಿಸುವುದೇ ಆಟ. ನಾನು ಕಣದ ಅಂಚಿನಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಸೈಕಲ್ ಪೈಪಿನ ಮೇಲೆ ಚೆನ್ನಾಗಿಯೇ ಎದ್ದಿತು. ಚಕ್ರ ಮತ್ತೆ ನೆಲ ಮುಟ್ಟಿತು. ಅಷ್ಟೇ ಹೊತ್ತಿಗೆ ಹೆಲ್ಮೆಟ್ ಮುಂದಕ್ಕೆ ಜಾರಿ ಅವನ ಕಣ್ಣು ಮುಚ್ಚಿದ್ದು ನನಗೆ ಕೆಳಗಿನಿಂದ ಕಂಡಿತು. ತಿರುವು ಬಂತು, ಸೈಕಲ್ ತಿರುಗಲಿಲ್ಲ. ಬ್ರೇಕಿನ ಸದ್ದೂ ಇಲ್ಲ. ಕಾಫಿ ಗಿಡ ಮುರಿಯುವ ಸದ್ದು ಮಾತ್ರ.

ಓಡಿ ಹೋದೆ. ಎಡಗೈ ಮಣಿಕಟ್ಟು ಮುರಿದಿತ್ತು. ಹುಬ್ಬು ಸೀಳಿತ್ತು, ಆಮೇಲೆ ಐದು ಹೊಲಿಗೆ ಬಿತ್ತು. "ಮಾವ, ಪೈಪ್ ದಾಟಿದ ಮೇಲೆ ಏನೂ ಕಾಣಲೇ ಇಲ್ಲ" ಅಂದ. ಆಗ ನೋಡಿದೆ, ಅವನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಹುಡುಕಿದರೆ ಇನ್ನೂ ಹದಿನೈದು ಅಡಿ ಕೆಳಗೆ, ಒಂದು ಸಿಲ್ವರ್ ಓಕ್ ಮರದ ಬುಡದಲ್ಲಿ ಬಿದ್ದಿತ್ತು. ಎತ್ತಿಕೊಂಡೆ. ಗದ್ದದ ಕೆಳಗಿನ ಪಟ್ಟಿ ಹಾಕಿದ ಹಾಗೇ ಇತ್ತು. ಬಕಲ್ ಬಿಟ್ಟಿರಲಿಲ್ಲ, ಹರಿದಿರಲಿಲ್ಲ. ಒಳಗೆ ಮಂಗನ ಟೋಪಿ, ತಲೆ ಈಗ ತಾನೇ ಎದ್ದು ಹೋದ ಹಾಗೆ ದುಂಡಗೆ ಕೂತಿತ್ತು.

ಪಟ್ಟಿ ಹಾಕಿಯೂ ಹೆಲ್ಮೆಟ್ ಕಳಚಿಕೊಂಡಿತ್ತು. ಆ ಸಿಲ್ವರ್ ಓಕಿಗೂ ಹುಡುಗನ ತಲೆಗೂ ನಡುವೆ ಹದಿನೈದು ಅಡಿ ಉಳಿದಿತ್ತು, ಅಷ್ಟೇ ನಮ್ಮ ಪುಣ್ಯ. ತಪ್ಪು ಹುಡುಗನದಲ್ಲ, ಅಕ್ಕನದೂ ಅಲ್ಲ. ಟೇಪ್ ಹಿಡಿದವನು ನಾನು. ಅವತ್ತಿನಿಂದ ಅಂಗಡಿಯಲ್ಲಿ ಯಾರು ಏನೇ ಅಂದರೂ ದೊಡ್ಡ ಸೈಜ್ ಕೊಡುವುದಿಲ್ಲ. ಬೈದುಕೊಂಡು ಬೇರೆ ಕಡೆ ಹೋದವರಿದ್ದಾರೆ. ಹೋಗಲಿ. ಆ ಹೆಲ್ಮೆಟ್ ಈಗ ಅಕ್ಕನ ಮನೆ ಹಿತ್ತಲಲ್ಲಿದೆ. ಕೋಳಿ ಅದರಲ್ಲಿ ಮೊಟ್ಟೆಗೆ ಕೂರುತ್ತದೆ. ಅಳತೆ ಸರಿಯಾಗಿದೆ.

ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಹೆಲ್ಮೆಟ್ ಒಳಗಿರುವುದು ಥರ್ಮಕೋಲ್. ಟಿವಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ ಜಾತಿ, ಸ್ವಲ್ಪ ಗಟ್ಟಿ. ಹೆಬ್ಬೆರಳಿನಿಂದ ಒತ್ತಿ ನೋಡಿ, ತಗ್ಗು ಬಿದ್ದರೆ ಮತ್ತೆ ಏಳುವುದಿಲ್ಲ. ಪೆಟ್ಟು ಬಿದ್ದಾಗ ತಲೆಯ ಬದಲು ಅದು ಜಜ್ಜಿಹೋಗುತ್ತದೆ. ಅದರ ಕೆಲಸವೇ ಅದು. ಹಾಗಾಗಿ ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ಮುಗಿಯಿತು. ಹೊರಗಿನ ಚಿಪ್ಪು ಫಳಫಳ ಅಂತಿದ್ದರೂ ಸರಿ, ಎಸೆಯಿರಿ. ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ, ಅದು ಎಷ್ಟು ಸಲ ಬಿದ್ದಿದೆ ಅಂತ ಮಾರುವವನು ಹೇಳುತ್ತಾನಾ? ಪೆಟ್ರೋಲ್ ಹಚ್ಚಿ ಒರೆಸಬೇಡಿ, ಥರ್ಮಕೋಲ್ ಕರಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಮೆತ್ತೆ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆಯಿರಿ. ತಲೆಗೆ ಎಣ್ಣೆ ಹಚ್ಚಿಕೊಂಡು ಹಾಕಿದರೆ ಮೆತ್ತೆ ಜಾರುತ್ತದೆ, ವಾಸನೆಯಂತೂ ಹೇಳುವುದೇ ಬೇಡ. ಹೆಣ್ಣುಮಕ್ಕಳು ಜಡೆ ಕೆಳಗೆ ಕಟ್ಟಿ. ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಅಲ್ಲಾಡುತ್ತದೆ.

ಮಿಪ್ಸ್ ಅಂತ ಒಂದಿದೆ. ಸ್ವೀಡನ್‌ನಲ್ಲಿ ಒಬ್ಬ ಮೆದುಳಿನ ಸರ್ಜನ್ನು, ಸ್ಟಾಕ್‌ಹೋಮಿನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಮಾಡಿದ್ದು. ಹೆಲ್ಮೆಟ್ ಒಳಗೊಂದು ತೆಳು ಪದರ. ಓರೆಯಾಗಿ ಪೆಟ್ಟು ಬಿದ್ದಾಗ ಅದು 10ರಿಂದ 15 ಮಿಲಿಮೀಟರ್ ಜಾರಿ, ತಲೆಗೆ ತಿರುಚು ಬೀಳುವುದನ್ನು ತಗ್ಗಿಸುತ್ತದೆ. ಒಬ್ಬ ಕಾಲೇಜು ಹುಡುಗ ನನ್ನನ್ನೇ ಹಿಡಿದ. "ಸರ್, ಅಲ್ಲಾಡಬಾರದು ಅಂತೀರಿ, ಇದು ಅಲ್ಲಾಡುತ್ತಲ್ಲ?" ಅಪ್ಪಾ, ಅದು ಪೆಟ್ಟು ಬಿದ್ದಾಗ ಒಳಗೊಳಗೇ ಜಾರುವುದು. ನಿನ್ನದು ಪೆಟ್ಟು ಬೀಳುವ ಮೊದಲೇ ಕಣ್ಣಿನ ಮೇಲೆ ಬರುತ್ತಿದೆ. ದುಡ್ಡಿದ್ದರೆ ಮಿಪ್ಸ್ ಇರುವುದನ್ನೇ ಕೊಳ್ಳಿ. ಇನ್ನೂ ದುಡ್ಡಿದ್ದರೆ ಹಗುರವಾದದ್ದು ಸಿಗುತ್ತದೆ. ಬಣ್ಣಕ್ಕೆ, ಸ್ಟಿಕ್ಕರಿಗೆ ದುಡ್ಡು ಕೊಡಬೇಡಿ. ಗಾಗಲ್ಸ್ ಇದ್ದರೆ ಅಂಗಡಿಗೆ ತನ್ನಿ, ಎರಡೂ ಒಟ್ಟಿಗೆ ಹಾಕಿ ಕಾಲು ಗಂಟೆ ಸುಮ್ನೆ ಓಡಾಡಿ. ಹಣೆಯಲ್ಲಿ ಒಂದೇ ಕಡೆ ನೋವು ಬಂದರೆ ಆ ಹೆಲ್ಮೆಟ್ಟಿನ ಆಕಾರ ನಿಮ್ಮ ತಲೆಗೆ ಹೊಂದುತ್ತಿಲ್ಲ, ಬೇರೆ ಕೇಳಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಅಳಿಯನಿಗೆ ಈಗ 18. ತಲೆ 57 ಸೆಂಟಿಮೀಟರ್ ಆಗಿದೆ. ಹೋದ ತಿಂಗಳು ಹೊಸ ಹೆಲ್ಮೆಟ್ಟಿಗೆ ಬಂದಿದ್ದ, ಜೊತೆಗೆ ಅಕ್ಕನೂ. ನಾನು ಟೇಪ್ ತೆಗೆಯುವ ಮೊದಲೇ ಅವಳು ಬ್ಯಾಗಿನಿಂದ ತನ್ನ ಟೇಪ್ ತೆಗೆದಳು. ಹೆಲ್ಮೆಟ್ ಹಾಕಿಸಿ, ಪಟ್ಟಿ ಬಿಗಿದು, ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದು ಒಂದೇ ಸಮನೆ ಎಳೆದಳು. "ಅಮ್ಮಾ, ಕುತ್ತಿಗೆ!" ಅಂತ ಹುಡುಗ ಕೂಗಿದ.

"ಸುಮ್ನೆ ನಿಂತ್ಕೋ" ಅಂದು ಇನ್ನೊಂದು ಸಲ ಎಳೆದಳು.

ನಮಸ್ಕಾರ.