ಪೆಡಿಕ್ಯೂರ್ ಟಬ್‌ನ ನೀರು ಬದಲಾಯಿಸಿದರು, ಸರಿ. ಜಾಲರಿ ಬಿಚ್ಚಿದರಾ?

ನಮಸ್ಕಾರ. ನಮ್ಮ ವೀಕ್ಷಕರೊಬ್ಬರ ಪ್ರಶ್ನೆ ಇದು: "ಪಾರ್ಲರ್‌ನಲ್ಲಿ ಪೆಡಿಕ್ಯೂರ್‌ಗೆ ಕೂತರೆ ನನ್ನ ಕಣ್ಣೆದುರೇ ಹಳೇ ನೀರು ಬಿಟ್ಟು ಹೊಸ ನೀರು ತುಂಬುತ್ತಾರೆ. ಅಷ್ಟು ಸಾಕಲ್ವಾ?"

ಸಾಲದು. ಯಾಕೆ ಸಾಲದು ಅಂತ ಹುಡುಕುತ್ತಾ ಹೋದವನು ಕ್ಯಾಲಿಫೋರ್ನಿಯಾದ ಒಂದು ಸ್ಟ್ರಾಬೆರಿ ಬೆಳೆಯುವ ಊರಿಗೆ ಹೋಗಿ ನಿಂತೆ. ಗೂಗಲ್‌ನಲ್ಲಿ ಮಾತ್ರ, ವಿಮಾನದ ಚಾರ್ಜ್ ಯಾರು ಕೊಡುತ್ತಾರೆ?

ಪೆಡಿಕ್ಯೂರ್ ಅಂದರೇನು ಅಂತ ವಿವರಿಸುತ್ತಾ ಕೂರುವುದಿಲ್ಲ. ಕಾಲು ನೆನೆಸು, ಹಿಮ್ಮಡಿ ಉಜ್ಜು, ಉಗುರು ಕತ್ತರಿಸು, ಬಣ್ಣ ಹಚ್ಚು. ಮುಗಿಯಿತು. ನಮಗೆ ಬೇಕಿರುವುದು ಆ ಟಬ್ಬು.

[ಪರದೆ ಮೇಲೆ: ಕ್ಯಾಲಿಫೋರ್ನಿಯಾ ನಕ್ಷೆ, ವಾಟ್ಸನ್‌ವಿಲ್]

2000ನೇ ಇಸವಿ. ವಾಟ್ಸನ್‌ವಿಲ್ ಎಂಬ ಊರು. ಕೆಲವು ಹೆಂಗಸರು ಕಾಲಿನ ಮೇಲೆ ಕುರು ಎದ್ದಿದೆ ಅಂತ ಡಾಕ್ಟರ್ ಹತ್ತಿರ ಬರುತ್ತಾರೆ. ಎಲ್ಲವೂ ಮೊಣಕಾಲಿನ ಕೆಳಗೇ. ಮೊದಲು ಸೊಳ್ಳೆ ಕಚ್ಚಿದ ಹಾಗೆ ಸಣ್ಣ ಗುಳ್ಳೆ, ಆಮೇಲೆ ಅದು ದಪ್ಪಗಾಗಿ ಕೀವು ತುಂಬುತ್ತದೆ. ಮಾಮೂಲಿ ಮಾತ್ರೆಗೆ ಜಗ್ಗುವುದಿಲ್ಲ. ವಿಚಾರಿಸುತ್ತಾ ಹೋದರೆ ಎಲ್ಲರೂ ಒಂದೇ ನೇಲ್ ಸಲೂನ್‌ನ ಗಿರಾಕಿಗಳು. ಕೊನೆಗೆ ಲೆಕ್ಕ ಸಿಕ್ಕಿದ್ದು 110 ಜನ.

ಆ ಸಲೂನ್‌ನಲ್ಲಿ ಇದ್ದದ್ದು 10 ಟಬ್. ಬಕೆಟ್ಟಿನಂಥವಲ್ಲ, ಕುರ್ಚಿಗೇ ಜೋಡಿಸಿದ, ನೀರು ಗುಳುಗುಳು ಅಂತ ಸುತ್ತುವ ದುಬಾರಿ ಮಾಲು. ಪರೀಕ್ಷೆ ಮಾಡಿದರೆ ಹತ್ತಕ್ಕೆ ಹತ್ತರಲ್ಲೂ ಒಂದೇ ಬ್ಯಾಕ್ಟೀರಿಯಾ: ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್. ಹೆಸರು ಉದ್ದ, ಆದರೆ ಮನೆತನ ದೊಡ್ಡದು. ಕ್ಷಯ ತರುವ ಬ್ಯಾಕ್ಟೀರಿಯಾದ ದೂರದ ಸಂಬಂಧಿ. ಮಣ್ಣಲ್ಲಿರುತ್ತದೆ, ನಲ್ಲಿ ನೀರಲ್ಲೂ ಇರುತ್ತದೆ. ಮೈಮೇಲೆ ಮೇಣದಂಥ ಪದರ ಇರುವುದರಿಂದ ನಲ್ಲಿ ನೀರಿನ ಕ್ಲೋರಿನ್‌ಗೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ.

ಹಾಗಾದರೆ ನಾವು ದಿನಾ ಆ ನೀರಲ್ಲೇ ಸ್ನಾನ ಮಾಡುತ್ತೇವಲ್ಲ, ನಮಗ್ಯಾಕೆ ಏನೂ ಆಗುವುದಿಲ್ಲ? ಒಳ್ಳೇ ಪ್ರಶ್ನೆ. ಇಲ್ಲಿ ಸ್ವಲ್ಪ ನಿಲ್ಲೋಣ, ನನಗೆ ತುಂಬಾ ಇಷ್ಟವಾದ ಭಾಗ ಇದು.

[ಪರದೆ ಮೇಲೆ: ಟಬ್‌ನ ಅಡ್ಡ ಸೀಳಿದ ಚಿತ್ರ. ಪಂಪು, ಪೈಪು, ಜಾಲರಿ]

ಟಬ್‌ನ ಒಳಗೋಡೆ ನೋಡಿ. ಪಾದದ ಹತ್ತಿರ ಒಂದು ಸಣ್ಣ ಜಾಲರಿ. ಪಂಪು ಅಲ್ಲಿಂದ ನೀರು ಎಳೆಯುತ್ತದೆ, ಪೈಪಿನೊಳಗೆ ಸುತ್ತಿಸಿ ಇನ್ನೊಂದು ಕಡೆಯಿಂದ ರಭಸವಾಗಿ ಬಿಡುತ್ತದೆ. ನೀರಿನ ಜೊತೆ ಏನೇನು ಹೋಗುತ್ತದೆ? ಉಜ್ಜಿದ ಹಿಮ್ಮಡಿಯ ಪುಡಿ, ಕೂದಲು, ಕ್ರೀಮು. ಅದೆಲ್ಲ ಜಾಲರಿಯ ಹಿಂದೆ ಕೂರುತ್ತದೆ. ವಾಟ್ಸನ್‌ವಿಲ್‌ನಲ್ಲಿ ಆ ಜಾಲರಿ ಬಿಚ್ಚಿದವರಿಗೆ ಕಂಡದ್ದು ಇದೇ: ಕೂದಲು, ಚರ್ಮದ ಚೂರು ಗಂಟುಗಟ್ಟಿ ಕೂತಿತ್ತು. ಹೊರಗಿನಿಂದ ನೋಡಿದರೆ ಟಬ್ ಫಳಫಳ.

ಈಗ ಹೆಪ್ಪು ಹಾಕುವುದನ್ನು ನೆನಪಿಸಿಕೊಳ್ಳಿ. ಪಾತ್ರೆಯಿಂದ ಮೊಸರೆಲ್ಲ ಬಗ್ಗಿಸಿದಿರಿ, ತೊಳೆಯಲಿಲ್ಲ. ತಳದಲ್ಲಿ ಒಂದು ಚಮಚ ಉಳಿದಿದೆ. ಅದರ ಮೇಲೆ ಉಗುರುಬೆಚ್ಚಗಿನ ಹಾಲು ಹೊಯ್ದು ಮುಚ್ಚಿಟ್ಟರೆ ಬೆಳಗಾಗುವುದರೊಳಗೆ ಏನಾಗುತ್ತದೆ? ಪಾತ್ರೆ ತುಂಬಾ ಮೊಸರು. ಟಬ್‌ನ ಕಥೆಯೂ ಹೀಗೇ. ನೀರು ಪೂರ್ತಿ ಬಿಟ್ಟರೂ ಪೈಪಿನಲ್ಲಿ ಸ್ವಲ್ಪ ಉಳಿಯುತ್ತದೆ, ಒಳಗೋಡೆಗೆ ಲೋಳೆ ಅಂಟಿರುತ್ತದೆ. ಅದೇ ಹೆಪ್ಪು. ಮೇಲೆ ಬೆಚ್ಚಗಿನ ಹೊಸ ನೀರು, ತಿನ್ನಲು ಚರ್ಮದ ಪುಡಿ. ನಲ್ಲಿಯಲ್ಲಿ ನಾಲ್ಕಾರು ಬಂದವು ಇಲ್ಲಿ ಸಂಸಾರ ಹೂಡುತ್ತವೆ. (ಊಟ ಮಾಡುತ್ತಾ ನೋಡುತ್ತಿದ್ದರೆ ಕ್ಷಮಿಸಿ. ಮೊಸರನ್ನ ಆಮೇಲೆ ತಿನ್ನಿ.)

ಆದ್ದರಿಂದಲೇ ನೀರು ಬದಲಾಯಿಸಿದರೆ ಸಾಲದು ಅಂದದ್ದು.

ಇನ್ನೊಂದು ವಿಷಯ. ಆ ನೀರಲ್ಲಿ ಕಾಲಿಟ್ಟ ಎಲ್ಲರಿಗೂ ಕುರು ಏಳಲಿಲ್ಲ. ಪೆಡಿಕ್ಯೂರ್‌ಗೆ ಮುಂಚೆ ಕಾಲಿಗೆ ರೇಜರ್ ಹಾಕಿದವರಿಗೆ ಜಾಸ್ತಿ ಬಂತು. ರೇಜರ್ ಕಣ್ಣಿಗೆ ಕಾಣದ ಗೀರು ಬಿಡುತ್ತದೆ, ಬ್ಯಾಕ್ಟೀರಿಯಾಗೆ ಬಾಗಿಲು ತೆರೆದಿಟ್ಟ ಹಾಗೆ. ಪಾಪ, ಪಾರ್ಲರ್‌ಗೆ ಹೋಗುವಾಗ ಕಾಲು ನೀಟಾಗಿರಲಿ ಅಂತ ಶೇವ್ ಮಾಡಿಕೊಂಡು ಹೋದವರಿಗೇ ಪೆಟ್ಟು.

ಅದೊಂದು ಸಲೂನ್ ಮಾತ್ರ ಗಲೀಜಾಗಿತ್ತಾ? ಇಲ್ಲ. ಕ್ಯಾಲಿಫೋರ್ನಿಯಾದ 5 ಕೌಂಟಿಗಳ (ನಮ್ಮ ಜಿಲ್ಲೆಗಳಿದ್ದ ಹಾಗೆ) 18 ಸಲೂನ್‌ಗಳಲ್ಲಿ 30 ಟಬ್ ಪರೀಕ್ಷಿಸಿದರು. 29ರಲ್ಲಿ ಇದೇ ಮೈಕೋಬ್ಯಾಕ್ಟೀರಿಯಂ ಮನೆತನದ ಬ್ಯಾಕ್ಟೀರಿಯಾ ಇತ್ತು. 2004ರಲ್ಲಿ ಸಾಂತಾ ಕ್ಲಾರಾ ಕೌಂಟಿಯಲ್ಲಿ ಮತ್ತೆ ಇದೇ ಥರ ಕುರು ಹಬ್ಬಿತು. ಸ್ಯಾನ್ ಹೋಸೆ ಇರುವ ಕೌಂಟಿ ಅದು. ನಮ್ಮ ಐಟಿ ಮಂದಿಗೆ ಬೆಂಗಳೂರಿನ ಇನ್ನೊಂದು ಬಡಾವಣೆ ಇದ್ದ ಹಾಗೆ.

ಹಾಗಾದರೆ ತೊಳೆಯುವುದು ಹೇಗೆ? ಕ್ಯಾಲಿಫೋರ್ನಿಯಾದವರು ಇದಕ್ಕೆ ನಿಯಮವನ್ನೇ ಮಾಡಿದರು. ಪ್ರತಿ ಗಿರಾಕಿ ಎದ್ದ ಮೇಲೆ ನೀರು ಬಿಟ್ಟು, ಸೋಪು ಹಾಕಿ ಬ್ರಷ್‌ನಿಂದ ಉಜ್ಜಬೇಕು, ತೊಳೆಯಬೇಕು, ಆಮೇಲೆ ಡಿಸಿನ್ಫೆಕ್ಟೆಂಟ್, ಅಂದರೆ ರೋಗಾಣು ಕೊಲ್ಲುವ ಔಷಧಿ. ಈ ಕ್ರಮ ತಪ್ಪಬಾರದು. ಕೊಳೆಯ ಮೇಲೇ ಔಷಧಿ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ. ಸುರಿದ ತಕ್ಷಣ ಹೊರಗೆ ಚೆಲ್ಲುವುದೂ ವ್ಯರ್ಥ. ಲೇಬಲ್‌ನಲ್ಲಿ ಬರೆದಷ್ಟು ಹೊತ್ತು ಪಂಪು ಓಡಿಸುತ್ತಾ ಬಿಡಬೇಕು, ಬರೆದಿಲ್ಲ ಅಂದರೆ 10 ನಿಮಿಷ. ದಿನದ ಕೊನೆಗೆ ಜಾಲರಿ ಬಿಚ್ಚಿ, ಹಿಂದಿನ ಕಸ ತೆಗೆದು, ಉಜ್ಜಿ ಕೂರಿಸಬೇಕು. ವಾರಕ್ಕೊಮ್ಮೆ ಔಷಧಿ ನೀರು ತುಂಬಿ ರಾತ್ರಿಯೆಲ್ಲ, 6ರಿಂದ 10 ಗಂಟೆ, ಹಾಗೇ ಬಿಡಬೇಕು. ಯಾವಾಗ ತೊಳೆದರು ಅಂತ ಪುಸ್ತಕದಲ್ಲಿ ಬರೆಯಬೇಕು. ಗಿರಾಕಿ ಕೇಳಿದರೆ ತೋರಿಸಬೇಕು!

ಶನಿವಾರ ಸಂಜೆ ಮೂರು ಜನ ಕಾಯುತ್ತಾ ಕೂತಿರುವಾಗ ಆ 10 ನಿಮಿಷ ಎಷ್ಟು ಕಷ್ಟ ಅಂತ ಪಾರ್ಲರ್ ನಡೆಸುವವರಿಗೆ ಗೊತ್ತು. ಅವರನ್ನು ಮಾತ್ರ ಬೈದು ಪ್ರಯೋಜನ ಇಲ್ಲ, "ಬೇಗ ಮಾಡಿ" ಅನ್ನುವವರು ನಾವೇ.

ಇಲ್ಲೊಂದು ತಮಾಷೆ ಇದೆ. ನಮ್ಮ ಗಲ್ಲಿ ಪಾರ್ಲರ್‌ಗಳ ಸಾದಾ ಪ್ಲಾಸ್ಟಿಕ್ ಟಬ್ ಇದೆಯಲ್ಲ, ಅದಕ್ಕೆ ಪಂಪೂ ಇಲ್ಲ, ಪೈಪೂ ಇಲ್ಲ. ಪೂರ್ತಿ ಕಣ್ಣಿಗೆ ಕಾಣುತ್ತದೆ, ಪೂರ್ತಿ ಕೈಗೆ ಸಿಗುತ್ತದೆ. ಉಜ್ಜಿ, ತೊಳೆದು, ಔಷಧಿ ಹಾಕಿ ಲೇಬಲ್‌ನಲ್ಲಿ ಬರೆದಷ್ಟು ಹೊತ್ತು ಇಟ್ಟು, ಮತ್ತೆ ತೊಳೆದು, ಬೋರಲು ಹಾಕಿ ಒಣಗಿಸಿದರೆ ಆಯಿತು. ನನ್ನನ್ನು ಕೇಳಿದರೆ ಎಸಿ ಹಾಲ್‌ನ ಗುಳುಗುಳು ಕುರ್ಚಿಗಿಂತ ಇದೇ ವಾಸಿ. ಆದರೆ ಉಜ್ಜಬೇಕು.

ಟೈಮ್ ಆಗುತ್ತಿದೆ, ಉಳಿದದ್ದು ಬೇಗ ಬೇಗ. ಕಾಲಿಟ್ಟ ನೀರಿಗೇ ಒಂದು ಮುಚ್ಚಳ ಡೆಟಾಲ್ ಬಿಟ್ಟರೆ ಟಬ್ ತೊಳೆದ ಹಾಗಲ್ಲ, ವಾಸನೆ ಮಾತ್ರ ಆಸ್ಪತ್ರೆಯದು. ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಟಬ್‌ಗೆ ಪ್ಲಾಸ್ಟಿಕ್ ಹಾಳೆ ಹಾಸುವವರಿದ್ದರೆ ಒಳ್ಳೆಯದು, ಆದರೆ ಒಬ್ಬರಿಗೆ ಒಂದು. ಹಿಂದಿನ ದಿನದಿಂದಲೇ ಶೇವಿಂಗ್, ವ್ಯಾಕ್ಸಿಂಗ್ ಬೇಡ. ಕಾಲಲ್ಲಿ ಗಾಯ, ಕೆರೆದ ಸೊಳ್ಳೆ ಕಡಿತ ಇದ್ದರೆ ಪೆಡಿಕ್ಯೂರ್ ಮುಂದಕ್ಕೆ ಹಾಕಿ. ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿಯೇ ಹೋಗಿ.

ಹೋಗಿ ಬಂದ ಕೆಲವು ವಾರಗಳ ಮೇಲೆ ಮೊಣಕಾಲ ಕೆಳಗೆ ವಾಸಿಯಾಗದ ಗುಳ್ಳೆ ಎದ್ದರೆ, ಪೆಡಿಕ್ಯೂರ್ ಮಾಡಿಸಿದ್ದೆ ಅಂತ ಚರ್ಮದ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಈ ಬ್ಯಾಕ್ಟೀರಿಯಾ ಪತ್ತೆಗೆ ಬೇರೆ ಪರೀಕ್ಷೆ ಬರೆಯಬೇಕು, ಮಾತ್ರೆಯೂ ಬೇರೆ, ಅದೂ ತಿಂಗಳುಗಟ್ಟಲೆ.