ಇಬ್ಬರು ಅಜ್ಜಿಯರೂ ಕೂಗುವ ಹೆಸರು

ಕೇಳುಗರಿಗೆಲ್ಲ ನಮಸ್ಕಾರ.

ಮಗುವಿಗೆ ಹೆಸರಿಡುವುದರ ಬಗ್ಗೆ ಮಾತಾಡಿ ಅಂತ ನಿಲಯದವರು ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಂಡೆ. 31 ವರ್ಷ ಕನ್ನಡ ಪಾಠ ಹೇಳಿದವಳು ನಾನು. ಅಂದರೆ 31 ವರ್ಷ ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದವಳು. ಯಾವ ಹೆಸರು ಕೂಗಿದರೆ ಮಗು ತಲೆ ಎತ್ತಿ ನಗುತ್ತದೆ, ಯಾವ ಹೆಸರು ಕೂಗಿದರೆ ತಲೆ ತಗ್ಗಿಸುತ್ತದೆ ಅನ್ನೋದನ್ನ ಕಣ್ಣಾರೆ ಕಂಡಿದ್ದೇನೆ.

ಇವತ್ತು ನಾನು ಮಾತಾಡುತ್ತಿರುವುದು ಒಂದು ಮನೆಯವರ ಜೊತೆ ಅಂದುಕೊಳ್ಳಿ. ಏಳನೇ ತಿಂಗಳೋ ಎಂಟನೇ ತಿಂಗಳೋ ನಡೆಯುತ್ತಿರುವ ಹುಡುಗಿ. ಪಕ್ಕದಲ್ಲಿ ಫೋನ್ ಹಿಡಿದು ಹೆಸರು ಹುಡುಕುತ್ತಿರುವ ಗಂಡ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ, ಕಿವಿ ಮಾತ್ರ ಈ ಕಡೆ ಕೊಟ್ಟಿರುವ ಅಮ್ಮ. ಹುಡುಗಿಯ ಮನೆಮಾತು ಕನ್ನಡ, ಹುಡುಗನದು ಇನ್ನೊಂದು. ಬಂಗಾಳಿ ಇರಬಹುದು, ತಮಿಳು, ಮಲಯಾಳ, ಪಂಜಾಬಿ ಇರಬಹುದು. ಎರಡೂ ಮನೆತನಕ್ಕೆ ಗೌರವ ಬರುವಂಥ ಹೆಸರು ಬೇಕು. ಪಟ್ಟಿ ಮಾಡಿ ಮಾಡಿ ಸುಸ್ತಾಗಿದ್ದಾರೆ.

ಆ ಮನೆಯವರಿಗೆ ನಾನು ಹೇಳುವುದು ಇಷ್ಟೇ. ಬರೆದು ನೋಡಬೇಡಿ, ಕೂಗಿ ನೋಡಿ. ನೀವು ಕೂಗಿದರೆ ಸಾಲದು, ಇಬ್ಬರು ಅಜ್ಜಿಯರಿಂದಲೂ ಕೂಗಿಸಿ. ಅರ್ಥ ಆಮೇಲೆ, ನಕ್ಷತ್ರ ಆಮೇಲೆ, ಇಂಗ್ಲಿಷ್ ಕಾಗುಣಿತ ಎಲ್ಲಕ್ಕಿಂತ ಆಮೇಲೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆಯಿತು. ಅದನ್ನ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕೇಳಿ.

ನನ್ನ ತಂಗಿ ಮೈಸೂರಿನಲ್ಲಿದ್ದಾಳೆ. ಅವಳ ಮಗಳು ಮದುವೆಯಾದದ್ದು ಕೋಲ್ಕತ್ತದ ಹುಡುಗನನ್ನು. ಬಾಣಂತನಕ್ಕೆ ತವರಿಗೆ ಬಂದಳು, ಹೆಣ್ಣುಮಗು ಹುಟ್ಟಿತು. ಗಂಡ ಹೆಂಡತಿ ಇಬ್ಬರೂ ಮೊದಲೇ ಹೆಸರು ಆರಿಸಿಟ್ಟಿದ್ದರು: ವಿದ್ಯಾ. ಎಷ್ಟು ಯೋಚನೆ ಮಾಡಿ ಆರಿಸಿದ್ದರು ಅಂತೀರಿ! ನಮ್ಮಲ್ಲಿ ಅಕ್ಷರಾಭ್ಯಾಸ ಇದೆ, ಅಕ್ಕಿಯ ಮೇಲೆ ಮಗುವಿನ ಕೈ ಹಿಡಿದು ಬರೆಸುತ್ತೇವೆ. ಬಂಗಾಳದಲ್ಲಿ ವಸಂತ ಪಂಚಮಿಯ ದಿನ ಸರಸ್ವತಿ ಪೂಜೆ, ಆವತ್ತು ಮಕ್ಕಳಿಗೆ ಅವರು ಹಾತೇ ಖೊಡಿ ಮಾಡಿಸುತ್ತಾರೆ. ಅದೂ ನಮ್ಮ ಅಕ್ಷರಾಭ್ಯಾಸವೇ. ಸರಸ್ವತಿ ಇಬ್ಬರಿಗೂ ಬೇಕಾದವಳು. ಸಂಸ್ಕೃತದ ಪದ, ಎರಡೇ ಅಕ್ಷರ, ಎರಡೂ ಕಡೆ ಒಂದೇ ಅರ್ಥ. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಿಕ್ಕಿಲ್ಲ. ನಾನೂ ಭೇಷ್ ಅಂದಿದ್ದೆ.

ಎಂಟನೆಯ ದಿನ ಬೀಗಿತ್ತಿ ಕೋಲ್ಕತ್ತದಿಂದ ಬಂದರು. ತಂದೆಯ ತಾಯಿಯನ್ನು ಬಂಗಾಳಿಯಲ್ಲಿ ಠಾಕುಮಾ ಅಂತಾರೆ. ತುಂಬ ಸಾತ್ವಿಕ ಹೆಂಗಸು. ಬಂದವರು ಕೈಕಾಲು ತೊಳೆದು, ಮಗು ಮಲಗಿದ್ದ ಕೋಣೆಗೆ ಹೋದರು. ನನ್ನ ತಂಗಿ ಹಿತ್ತಲಿನಲ್ಲಿ ಬಾಣಂತಿಗೆ ನೀರು ಕಾಯಿಸುತ್ತಿದ್ದಳು. ಒಳಗಿಂದ ಅವರ ದನಿ ಕೇಳಿಸಿತು. ಒಮ್ಮೆ ಅಲ್ಲ, ನಾಲ್ಕು ಸಲ. “ಬಿದ್ದಾ! ಬಿದ್ದಾ! ಓ ಬಿದ್ದಾ!”

ನೀವೇ ಹೇಳಿ, ಎಂಟು ದಿನದ ಕೂಸು ಇರುವ ಮನೆಯಲ್ಲಿ “ಬಿದ್ದಾ” ಅಂತ ಕೇಳಿಸಿದರೆ ಕನ್ನಡದ ಅಜ್ಜಿಗೆ ಹೇಗಾಗಬೇಡ? ತಂಗಿ ಕೈಯಲ್ಲಿದ್ದ ತಂಬಿಗೆ ಎಸೆದು ಓಡಿದಳು. ಹಿಂದೆ ನಾನು. ಹೊಸ್ತಿಲು ಎಡವಿ ಅವಳೇ ಬೀಳುವುದರಲ್ಲಿದ್ದಳು. ಒಳಗೆ ನೋಡಿದರೆ ಮಗು ಠಾಕುಮಾನ ತೊಡೆಯ ಮೇಲೆ ಬೆಚ್ಚಗೆ ಮಲಗಿದೆ, ಅವರು ಅದರ ಗಲ್ಲ ಮುಟ್ಟಿ ಪ್ರೀತಿಯಿಂದ ಹೆಸರು ಹಿಡಿದು ಕರೆಯುತ್ತಿದ್ದಾರೆ.

ಅವರ ತಪ್ಪೇನೂ ಇಲ್ಲ. ಬಂಗಾಳಿಯ ಬಾಯಲ್ಲಿ ವ ಇಲ್ಲ, ಅದು ಬ ಆಗುತ್ತದೆ. ದಕಾರಕ್ಕೆ ಯಕಾರ ಒತ್ತು ಬಂದರೆ ದ್ದ ಆಗುತ್ತದೆ. ವಿದ್ಯಾ ಅಂತ ಬರೆದರೂ ಓದುವುದು ಬಿದ್ದಾ ಅಂತಲೇ. ಅವರ ಭಾಷೆಯಲ್ಲಿ ಅದೇ ಸರಿಯಾದ ಉಚ್ಚಾರ. ಯಮುನಾ ಅಲ್ಲಿ ಜಮುನಾ, ಸೀತಾ ಅಲ್ಲಿ ಶೀತಾ, ಲಕ್ಷ್ಮಿ ಅಲ್ಲಿ ಲೊಕ್ಖಿ. ನಾವೇನು ಕಡಿಮೆಯೇ? ಲಕ್ಷ್ಮಿಯನ್ನು ಲಕ್ಕಮ್ಮ ಮಾಡಿದವರು, ಕೃಷ್ಣನನ್ನು ಕಿಟ್ಟಿ ಮಾಡಿದವರು ನಾವೇ. ನಮ್ಮ ಲಕ್ಕಮ್ಮನೂ ಅವರ ಲೊಕ್ಖಿಯೂ ಅಕ್ಕತಂಗಿಯರಂತೆ ಕೇಳಿಸುವುದಿಲ್ಲವೇ? ಹೆಸರು ಬಾಯಿಂದ ಬಾಯಿಗೆ ಹೋದಾಗ ಬದಲಾಗಿಯೇ ಆಗುತ್ತದೆ.

ಆದರೆ ಮುಂದಿನ ಎರಡು ದಿನ ನಡೆದದ್ದು ನನಗೆ ಸರಿಕಾಣಲಿಲ್ಲ. ತಂಗಿ ಬೀಗಿತ್ತಿಯನ್ನ ಎದುರಿಗೆ ಕೂರಿಸಿಕೊಂಡು ಪಾಠ ಶುರುಮಾಡಿದಳು. “ಹಾಗಲ್ಲ, ವಿ... ವಿ... ವಿದ್‌ಯಾ ಅನ್ನಿ.” ಪಾಪ, ಆ ಹೆಂಗಸು ಹಲ್ಲು ತುಟಿ ಸೇರಿಸಿ ಪ್ರಯತ್ನ ಮಾಡಿದರು. ಬರಲಿಲ್ಲ. ಮೂರನೇ ದಿನದ ಹೊತ್ತಿಗೆ ಅವರು ಮಗುವನ್ನ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟರು. ಸುಮ್ಮನೆ ಎತ್ತಿಕೊಳ್ಳುವುದು, ಸುಮ್ಮನೆ ಮಲಗಿಸುವುದು. ನನಗೆ ಹೊಟ್ಟೆ ಚುರ್ ಅಂದಿತು. ಸ್ವಂತ ಮೊಮ್ಮಗಳನ್ನ ಕರೆಯಲು ಅಜ್ಜಿಯೊಬ್ಬರು ಹೆದರುವ ಹಾಗಾದರೆ ಆ ಹೆಸರು ಯಾವ ಮನೆತನಕ್ಕೆ ಗೌರವ ತಂದಂತಾಯಿತು?

ಸರಿ, ಆ ಕಡೆಯಿಂದ ಒಂದು ಹೆಸರು ಬರಲಿ ಅಂದೆವು. ಅವರು ಸಂಕೋಚದಿಂದಲೇ ಹೇಳಿದರು: ಹೇನಾ. ಮೆಹಂದಿ, ನಮ್ಮ ಗೋರಂಟಿ ಇದೆಯಲ್ಲ, ಅದಕ್ಕೆ ಬಂಗಾಳಿಯಲ್ಲಿ ಹಾಗನ್ನುತ್ತಾರೆ. ಹೆಣ್ಣುಮಕ್ಕಳಿಗೆ ಇಡುವ ಮುದ್ದಾದ ಹೆಸರು. ಆದರೆ ಕನ್ನಡ ಶಾಲೆಯಲ್ಲಿ ಆ ಮಗು ತಲೆ ಕೆರೆದುಕೊಂಡರೆ ಪಕ್ಕದ ಹುಡುಗರು ಏನಂತಾರೆ? “ಹೇನಾ?” ಅಂತಲೇ ಕೇಳುತ್ತಾರೆ. ಹಾಜರಿ ಕೂಗಿದ ನನಗೆ ಆ ತರಗತಿ ಕಣ್ಣಿಗೆ ಕಟ್ಟಿತು. ಬೇಡ ಅಂದೆ. ಅವರಿಗೂ ಅರ್ಥವಾಯಿತು. ಆವತ್ತು ಬೀಗಿತ್ತಿಯರಿಬ್ಬರೂ ಮೊದಲ ಸಲ ಒಟ್ಟಿಗೆ ನಕ್ಕರು.

ಹೆಸರು ಸಿಕ್ಕಿದ್ದು ಹನ್ನೊಂದನೆಯ ದಿನಕ್ಕೆ ಒಂದು ದಿನ ಮುಂಚೆ. ಠಾಕುಮಾಗೆ ಶ್ರೀರಂಗಪಟ್ಟಣ ತೋರಿಸಿಕೊಂಡು ಬನ್ನಿ ಅಂತ ಅಳಿಯನ ಜೊತೆ ಕಳಿಸಿದ್ದೆವು. ನದಿ ನೋಡಿ ಬಂದವರು ಚಹಾ ಕುಡಿಯುತ್ತ ಹೇಳಿದರು, ನನ್ನ ಶಾಲೆಯ ಗೆಳತಿಯ ಹೆಸರು ಇದೇ ಆಗಿತ್ತು, ಕಾಬೇರಿ ಅಂತ. ನಾನು ಲೋಟ ಕೆಳಗಿಟ್ಟೆ. ನಮ್ಮ ಕಾವೇರಿ ಎಲ್ಲಿ, ಬಂಗಾಳ ಎಲ್ಲಿ! ತಲಕಾವೇರಿಯಲ್ಲಿ ಹುಟ್ಟಿ ಪೂಂಪುಹಾರಿನ ಹತ್ತಿರ ಸಮುದ್ರ ಸೇರುವ ನದಿ ಅದು, ಬಂಗಾಳದ ಕಡೆ ಮುಖ ಮಾಡಿದ್ದಿಲ್ಲ. ಆದರೂ ಅಲ್ಲಿನ ತಾಯಂದಿರು ಮಕ್ಕಳಿಗೆ ಕಾಬೇರಿ ಅಂತ ಹೆಸರಿಡುತ್ತಾರೆ. ಕೂಡಲೇ ಇಬ್ಬರನ್ನೂ ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದೆ. ಕೂಗಿ ಅಂದೆ. ಗೇಟಿನ ಹತ್ತಿರ ಮಗು ಆಡುತ್ತಿದೆ, ಊಟಕ್ಕೆ ಕರೆಯುತ್ತಿದ್ದೀರಿ ಅಂದುಕೊಂಡು ಕೂಗಿ. ತಂಗಿ ಕೂಗಿದಳು, “ಕಾವೇರೀ!” ಠಾಕುಮಾ ಕೂಗಿದರು, “ಕಾಬೇರೀ!” ಎರಡು ಉಚ್ಚಾರ, ಒಂದೇ ನದಿ. ಯಾರೂ ಯಾರನ್ನೂ ತಿದ್ದಲಿಲ್ಲ. ಮಾರನೇ ದಿನ ತೊಟ್ಟಿಲಿಗೆ ಹಾಕಿ ಅದೇ ಹೆಸರು ಕಿವಿಯಲ್ಲಿ ಹೇಳಿದರು. ಈಗ ಆ ಮಗು ನಾಲ್ಕನೇ ತರಗತಿ. ವ ಅಂದರೂ ತಿರುಗುತ್ತದೆ, ಬ ಅಂದರೂ ತಿರುಗುತ್ತದೆ.

ಹಾಗಾಗಿ ನನ್ನ ಮಾತನ್ನ ಇನ್ನೊಂದು ಸಲ ಹೇಳುತ್ತೇನೆ. ಹೆಸರು ಎರಡೂ ಬಾಯಲ್ಲಿ ಒಂದೇ ಥರ ಇರಬೇಕಾಗಿಲ್ಲ. ಬದಲಾಗಲಿ, ಕೆಡಬಾರದು, ಅಷ್ಟೇ. ಬದಲಾಯಿತೋ ಕೆಟ್ಟಿತೋ ಅನ್ನೋದು ಕೂಗಿದರೆ ಮಾತ್ರ ಗೊತ್ತಾಗುತ್ತದೆ. ಬರೆದು ನೋಡಬೇಡಿ, ಕೂಗಿ ನೋಡಿ.

ಬಂಗಾಳದವರು ಇದನ್ನ ಯಾವಾಗಲೋ ಕಂಡುಕೊಂಡಿದ್ದಾರೆ. ಅವರಲ್ಲಿ ಪ್ರತಿ ಮಗುವಿಗೂ ಎರಡು ಹೆಸರು. ಭಾಲೋ ನಾಮ್ ಅಂದರೆ ಒಳ್ಳೆಯ ಹೆಸರು, ಶಾಲೆಗೆ, ಕಚೇರಿಗೆ. ಡಾಕ್ ನಾಮ್ ಅಂದರೆ ಮನೆಯಲ್ಲಿ ಕರೆಯುವ ಹೆಸರು. ಡಾಕ್ ಅಂದರೆ ಕರೆ, ಕೂಗು! ರವೀಂದ್ರನಾಥ ಠಾಕೂರರು ಮನೆಯಲ್ಲಿ ರಬಿ, ಸತ್ಯಜಿತ್ ರಾಯ್ ಮನೆಯಲ್ಲಿ ಮಾಣಿಕ್. ಕುಂದಾಪುರದ ಕಡೆಯವರು ಕೇಳುತ್ತಿದ್ದರೆ ಅವರಿಗೆ ಈ ಮಾಣಿಕ್ ನಮ್ಮ ಮಾಣಿಯೇ, ಅಂದರೆ ಹುಡುಗನೇ, ಅನ್ನಿಸೀತು. ನಮ್ಮಲ್ಲೂ ಈ ಪದ್ಧತಿ ಇತ್ತಲ್ಲ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಿದ್ದರು. ಸೊಸೆ ಮಾವನ ಹೆಸರು ಹಿಡಿದು ಕೂಗುವ ಹಾಗಿರಲಿಲ್ಲ. ಅದಕ್ಕೇ ಪುಟ್ಟ, ಅಣ್ಣಯ್ಯ, ಅಪ್ಪಾಜಿ ಅನ್ನುವ ಕರೆಯುವ ಹೆಸರುಗಳು ಹುಟ್ಟಿಕೊಂಡವು. ಎರಡು ಮನೆಯವರೂ ಹಟ ಹಿಡಿದಿದ್ದರೆ ಇದು ಒಳ್ಳೆಯ ದಾರಿ: ಇಟ್ಟ ಹೆಸರು ಒಂದು ಕಡೆಯದು, ಕರೆಯುವ ಹೆಸರು ಇನ್ನೊಂದು ಕಡೆಯದು.

ನಾನು ಇನ್ನೂ ನಾಲ್ಕೈದು ವಿಷಯ ಬರೆದುಕೊಂಡು ಬಂದಿದ್ದೆ. ನಮ್ಮ ಕಾವೇರಿಯೇ ಅರ್ಧ ಸಮಯ ತೆಗೆದುಕೊಂಡುಬಿಟ್ಟಳು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಮಲಯಾಳದ ಮನೆಯಾದರೆ ಒಂದು ಅನುಕೂಲ ಇದೆ. ನಾವು ಹನ್ನೊಂದು ಹನ್ನೆರಡನೆಯ ದಿನ ಹೆಸರಿಡುತ್ತೇವೆ, ಅಲ್ಲಿ ಎಷ್ಟೋ ಮನೆಗಳಲ್ಲಿ ಇಪ್ಪತ್ತೆಂಟನೆಯ ದಿನ ನೂಲು ಕಟ್ಟುವ ಶಾಸ್ತ್ರ. ಮಗುವಿನ ಒಂದು ಕಿವಿಗೆ ವೀಳ್ಯದೆಲೆ ಮುಚ್ಚಿ ಇನ್ನೊಂದರಲ್ಲಿ ಮೂರು ಸಲ ಹೆಸರು ಹೇಳುತ್ತಾರೆ. ಎರಡೂ ಮಾಡಿ. ಒಂದೇ ದಿನಕ್ಕೆ ಯಾಕೆ ಜಗಳ?

ತಮಿಳಿನ ಎೞಿಲ್, ಯಾೞಿನಿ ಥರದ ಹೆಸರುಗಳಲ್ಲಿ ಬರುವ ಆ ೞ ನಮ್ಮ ಹಳಗನ್ನಡದಲ್ಲೂ ಇತ್ತು, ಶಾಸನಗಳಲ್ಲಿದೆ. ಈಗ ನಮ್ಮ ಬಾಯಲ್ಲಿ ಅದು ಳ ಆಗಿದೆ. ಕನ್ನಡದ ಅಜ್ಜಿ ಎಳಿಲ್ ಅನ್ನುತ್ತಾರೆ. ಅನ್ನಲಿ. ಬದಲಾಯಿತು, ಕೆಡಲಿಲ್ಲ.

ಧರ್ಮ ಬೇರೆಯಾದ ಮನೆಗಳಿಗೆ ಹೆಸರೇ ಸಿಗುವುದಿಲ್ಲ ಅನ್ನುವವರನ್ನ ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಹುಡುಕಿದ್ದೀರಾ? ಸಮೀರ ಅಂದರೆ ಸಂಸ್ಕೃತದಲ್ಲಿ ಗಾಳಿ. ಅರಬ್ಬಿಯಲ್ಲಿ ಸಮೀರ್ ಅಂದರೆ ಇರುಳು ಕೂತು ಮಾತಾಡುವ ಜೊತೆಗಾರ. ಎರಡು ಕಡೆಯೂ ಅವರವರದೇ ಪದ, ಯಾರಿಂದಲೂ ಸಾಲ ತಂದದ್ದಲ್ಲ.

ಹೊರದೇಶದಲ್ಲಿರುವವರಿಗೆ: ಜರ್ಮನ್ ಬಾಯಲ್ಲಿ ಇಂಗ್ಲಿಷಿನ ಜೆ ಅಕ್ಷರ ಯ ಆಗುತ್ತದೆ, ಜಯಾ ಹೋಗಿ ಯಾಯಾ ಆದಾಳು. ಜಪಾನಿಯಲ್ಲಿ ಉಮಾ ಅಂದರೆ ಕುದುರೆ. ಇದು ಯಾವ ಹೆಸರಿನ ಪಟ್ಟಿಯಲ್ಲೂ ಇರುವುದಿಲ್ಲ, ಅಲ್ಲಿನ ಅಜ್ಜಿಗೆ ಗೊತ್ತಿರುತ್ತದೆ. ಫೋನ್ ಮಾಡಿ ಕೂಗಿಸಿ.

ದಯವಿಟ್ಟು ಎರಡು ಕೆಲಸ ಮಾಡಬೇಡಿ. ಅಪ್ಪನ ಹೆಸರಿನ ಒಂದು ತುಂಡು, ಅಮ್ಮನ ಹೆಸರಿನ ಒಂದು ತುಂಡು ಅಂಟಿಸಿ ಯಾವ ಭಾಷೆಗೂ ಸೇರದ ಹೆಸರು ಮಾಡಬೇಡಿ. ಎರಡು ಮನೆತನದ ಗೌರವ ಅಂತ ಹೊರಟು, ಎರಡೂ ಇಲ್ಲದ ಹಾಗೆ ಆಗುತ್ತದೆ. ಇನ್ನೊಂದು, ಅದೃಷ್ಟಕ್ಕೆ ಅಂತ ಇಂಗ್ಲಿಷಿನಲ್ಲಿ ಎರಡು ಎ, ಎರಡು ಎಚ್ ಸೇರಿಸಬೇಡಿ. ಜೀವನವಿಡೀ ಆ ಮಗು ಕೌಂಟರಿನ ಮುಂದೆ ನಿಂತು ಅಕ್ಷರ ಹೇಳುತ್ತಿರಬೇಕಾಗುತ್ತದೆ.

ಎಲ್ಲವನ್ನೂ ಒಂದೇ ಪದದಲ್ಲಿ ತುಂಬಬೇಕೆಂದೂ ಇಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅನ್ನುವ ಹೆಸರನ್ನೇ ನೋಡಿ. ಮಾಸ್ತಿ ಕೋಲಾರ ಜಿಲ್ಲೆಯ ಊರು, ಅಯ್ಯಂಗಾರ್ ತಮಿಳು ಮನೆಮಾತಿನ ಗುರುತು. ಎರಡೂ ಒಂದೇ ಹೆಸರಿನಲ್ಲಿ ಆರಾಮಾಗಿ ಕೂತಿವೆ. ಇಡೀ ಕನ್ನಡನಾಡು ಕರೆದದ್ದು ಮಾತ್ರ ಊರಿನ ಹೆಸರಿನಿಂದ, ಮಾಸ್ತಿ ಅಂತ. ಅಂದರೆ ಅಜ್ಜಿಯ ಊರನ್ನೋ ತಾತನ ಮನೆಹೆಸರನ್ನೋ ಇನಿಷಿಯಲ್ಲಿನಲ್ಲಿ ಉಳಿಸಿ, ಕರೆಯುವ ಹೆಸರನ್ನ ಹಗುರಾಗಿ ಇಡಬಹುದು.

ಕೊನೆಯದಾಗಿ ಕಾಗದಪತ್ರದ ಮಾತು. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಬೇಕು. ಆದರೆ ಆ ಹೊತ್ತಿಗೆ ಹೆಸರು ಗೊತ್ತಿರಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶ ಇದೆ. ಆದರೆ ಒಮ್ಮೆ ಬರೆಸಿದ ಮೇಲೆ ಕಾಗುಣಿತ ಬದಲಿಸುವುದು ತಲೆನೋವು. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ನಮ್ಮ ಕಾವೇರಿಗೂ ಇಂಗ್ಲಿಷಿನಲ್ಲಿ ಸಿ ಅಕ್ಷರದಿಂದಲೋ ಕೆ ಅಕ್ಷರದಿಂದಲೋ, ನಡುವೆ ವಿ ಬರಬೇಕೋ ಬಿ ಬರಬೇಕೋ ಅಂತ ವಾರ ಚರ್ಚೆ ನಡೆದಿತ್ತು. ಯಾವುದಾದರೂ ಒಂದು ಆರಿಸಿ, ಎಲ್ಲ ಕಡೆಯೂ ಅದನ್ನೇ ಬರೆಸಿ. ಅಜ್ಜಿಯರು ತಮಗೆ ಬಂದ ಹಾಗೆ ಕೂಗಿಕೊಳ್ಳುತ್ತಾರೆ.

ಗಾಜಿನ ಆ ಕಡೆಯಿಂದ ಕೈಸನ್ನೆ ಬಂತು, ಸಮಯವಾಯಿತು. ಫೋನ್ ಹಿಡಿದುಕೊಂಡು ಹೆಸರು ಹುಡುಕುತ್ತಿದ್ದ ಹುಡುಗನಿಗೆ ಒಂದು ಕೆಲಸ. ಅಪ್ಪಾ, ಆ ಪಟ್ಟಿ ಬಿಡು, ಅದೇ ಫೋನಿನಲ್ಲಿ ನಿಮ್ಮ ಅಮ್ಮನಿಗೆ ಕರೆ ಮಾಡು. ಸ್ಪೀಕರ್ ಹಾಕು. ಅಡುಗೆಮನೆಯಲ್ಲಿರುವ ಅತ್ತೆಯನ್ನೂ ಕರೆ, ಸೊಪ್ಪು ಆಮೇಲೆ ಬಿಡಿಸಿದರಾಯಿತು.

ನಮಸ್ಕಾರ.