66 ಸೆಂಟಿಮೀಟರ್ ಉಕ್ಕು ಮತ್ತು 16 ಇಂಚಿನ ಗುಂಡು

ಎಲ್ಲರಿಗೂ ನಮಸ್ಕಾರ.

ವಾಷಿಂಗ್ಟನ್ ನಗರದ ನೇವಿ ಯಾರ್ಡ್‌ನಲ್ಲಿ ಒಂದು ಉಕ್ಕಿನ ಫಲಕವನ್ನು ಬಯಲಿನಲ್ಲೇ ನಿಲ್ಲಿಸಿದ್ದಾರೆ. ದಪ್ಪ 660 ಮಿಲಿಮೀಟರ್, ಎರಡು ಅಡಿಗಿಂತ ಹೆಚ್ಚು. ಯಾವ ದೇಶವೂ ತನ್ನ ಯುದ್ಧನೌಕೆಗೆ ಇದಕ್ಕಿಂತ ದಪ್ಪದ ಕವಚ ತೊಡಿಸಿದ್ದಿಲ್ಲ. ಆ ಫಲಕದಲ್ಲಿ ಈಚೆಯಿಂದ ಆಚೆಗೆ ಒಂದು ರಂಧ್ರವಿದೆ. ಅದರ ಚಿತ್ರ ನೋಡಿದ ಹೆಚ್ಚಿನವರು ಹೇಳುವುದು ಒಂದೇ ಮಾತು: ಅಮೆರಿಕದ 16 ಇಂಚಿನ (ಅಂದರೆ ನಳಿಗೆಯ ಬಾಯಿ ಅಷ್ಟು ಅಗಲದ) ಫಿರಂಗಿಯ ಮುಂದೆ ಜಪಾನಿನ ಯುದ್ಧನೌಕೆ ಯಮಾಟೊ ನಿಲ್ಲುತ್ತಿರಲಿಲ್ಲ. ಆ ರಂಧ್ರ ಅಷ್ಟು ದೊಡ್ಡ ಮಾತನ್ನು ಹೇಳುವುದಿಲ್ಲ ಎಂಬುದು ನನ್ನ ವಾದ. ಫಿರಂಗಿಯ ಬಲವನ್ನು ಯಾರಾದರೂ ಒಂದೇ ಅಂಕಿಯಲ್ಲಿ ಹೇಳಿದರೆ ಅವರನ್ನು ಮೂರು ಪ್ರಶ್ನೆ ಕೇಳಬೇಕು. ಎಷ್ಟು ದೂರದಿಂದ? ಯಾವ ಕೋನದಲ್ಲಿ? ಬಡಿದ ಗುಂಡು ಒಡೆಯದೆ ಉಳಿಯಿತೇ?

ಮೊದಲು ಫಲಕದ ಕಥೆ. ಯಮಾಟೊ, ಮುಸಾಶಿ ಆದಮೇಲೆ ಜಪಾನ್ ಅದೇ ವರ್ಗದ ಮೂರನೆಯ ಹಡಗು ಶಿನಾನೊವನ್ನು ಕಟ್ಟುತ್ತಿತ್ತು. 1942ರ ಜೂನ್‌ನಲ್ಲಿ ಮಿಡ್‌ವೇ ಕದನದಲ್ಲಿ ನಾಲ್ಕು ವಿಮಾನವಾಹಕ ನೌಕೆಗಳನ್ನು ಕಳೆದುಕೊಂಡ ಮೇಲೆ ಶಿನಾನೊವನ್ನೂ ವಿಮಾನವಾಹಕವಾಗಿ ಮಾರ್ಪಡಿಸಿದರು. ಅದರ ಫಿರಂಗಿ ಗೋಪುರಗಳ, ಅಂದರೆ ಟರೆಟ್‌ಗಳ, ಮುಂಭಾಗಕ್ಕೆಂದು ಮಾಡಿಟ್ಟ ಫಲಕಗಳು ದಡದಲ್ಲೇ ಉಳಿದವು. ಯುದ್ಧ ಮುಗಿದ ನಂತರ ಅಮೆರಿಕನ್ನರು ಅವನ್ನು ತಮ್ಮ ದೇಶಕ್ಕೆ ಸಾಗಿಸಿ, ವರ್ಜೀನಿಯಾದ ಡಾಲ್‌ಗ್ರೆನ್ ಪರೀಕ್ಷಾ ಕೇಂದ್ರದಲ್ಲಿ 1946ರ ಅಕ್ಟೋಬರ್‌ನಲ್ಲಿ ಹೊಡೆದು ನೋಡಿದರು.

ಹೊಡೆದದ್ದು ಅಮೆರಿಕದ ಅಯೋವಾ ವರ್ಗದ ಯುದ್ಧನೌಕೆಗಳಲ್ಲಿದ್ದಂಥ 16 ಇಂಚಿನ ಫಿರಂಗಿ. ಗುಂಡಿನ ತೂಕ 1,225 ಕಿಲೋ. ಒಂದು ಹೊಡೆತದಲ್ಲಿ ಗುಂಡು ಸೆಕೆಂಡಿಗೆ ಸುಮಾರು 607 ಮೀಟರ್ ವೇಗದಲ್ಲಿ ಬಡಿದು ಫಲಕವನ್ನು ಪೂರ್ತಿ ತೂರಿ ಹೋಯಿತು. ಇನ್ನೊಂದರಲ್ಲಿ ವೇಗವನ್ನು 520 ಮೀಟರಿಗೆ ಇಳಿಸಿದ್ದರು. ಆ ಗುಂಡು 21 ಇಂಚು ಕೊರೆದು ನಿಂತಿತು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಆ ಲೆಕ್ಕ ಇಲ್ಲಿ ಕಣ್ಣಿಗೆ ಕಾಣುತ್ತದೆ. ವೇಗ ಕಡಿಮೆಯಾದದ್ದು ಏಳರಲ್ಲಿ ಒಂದು ಪಾಲು. ಶಕ್ತಿ ಮಾತ್ರ ಸುಮಾರು 226 ಮೆಗಾಜೂಲ್‌ನಿಂದ 166ಕ್ಕೆ ಕುಸಿಯಿತು, ಕಾಲು ಭಾಗಕ್ಕಿಂತ ಹೆಚ್ಚು.

ಈಗ ಕೋನದ ವಿಚಾರಕ್ಕೆ ಬರೋಣ. ಎರಡೂ ಹೊಡೆತಗಳು ಫಲಕಕ್ಕೆ ನೇರವಾಗಿ, ಲಂಬವಾಗಿ ಬಿದ್ದಂಥವು. ಯಮಾಟೊದ ಟರೆಟ್‌ನಲ್ಲಿ ಆ ಫಲಕ ನೆಟ್ಟಗೆ ನಿಂತಿರಲಿಲ್ಲ, 45 ಡಿಗ್ರಿ ಹಿಂದಕ್ಕೆ ವಾಲಿಕೊಂಡಿತ್ತು. ಶತ್ರು ಹತ್ತಿರದಿಂದ ಹೊಡೆದರೆ ಗುಂಡು ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಬರುತ್ತದೆ, ವೇಗವೂ ಚೆನ್ನಾಗಿರುತ್ತದೆ. ಆದರೆ ಬಡಿಯುವುದು 45 ಡಿಗ್ರಿ ಓರೆಯಲ್ಲಿ. ಆಗ ಅದು ದಾಟಬೇಕಾದ ಉಕ್ಕಿನ ಉದ್ದ 66ರಿಂದ 93 ಸೆಂಟಿಮೀಟರಿಗೆ ಏರುತ್ತದೆ. ಜೊತೆಗೆ ಗುಂಡಿನ ಮೂತಿ ಜಾರುವ, ತಿರುಗುವ, ಮುರಿಯುವ ಅಪಾಯ ಬೇರೆ. ಸರಿ, ದೂರದಿಂದ ಹೊಡೆಯೋಣ ಎಂದರೆ, 35–38 ಕಿಲೋಮೀಟರ್ ಆಚೆಯಿಂದ ಬಂದ ಗುಂಡು ಆಕಾಶದಿಂದ ಕಡಿದಾಗಿ ಇಳಿದು ಫಲಕಕ್ಕೆ ನೇರವಾಗಿಯೇ ಬೀಳುತ್ತದೆ. ಆದರೆ ಗಾಳಿಯನ್ನು ಸೀಳಿಕೊಂಡು ಬರುವಷ್ಟರಲ್ಲಿ ವೇಗ ಸೆಕೆಂಡಿಗೆ 500 ಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. 520ರಲ್ಲಿ ಏನಾಯಿತೆಂದು ಈಗಷ್ಟೇ ನೋಡಿದೆವು. ಅಂದರೆ ಆ ಫಿರಂಗಿ ಆ ಟರೆಟ್‌ನ ಮುಖವನ್ನು ತೂರಿಸಬಲ್ಲ ದೂರ ಸಮುದ್ರದ ಮೇಲೆ ಎಲ್ಲೂ ಇರಲಿಲ್ಲ. ಡಾಲ್‌ಗ್ರೆನ್‌ನ ಪರೀಕ್ಷೆ ಉಕ್ಕಿನ ಗುಣವನ್ನು ಅಳೆಯಿತು, ಹಡಗಿನ ಕಾದಾಟವನ್ನು ಅಳೆಯಲಿಲ್ಲ.

ಓರೆಯ ಈ ಉಪಾಯ ಹೊಸದೇನಲ್ಲ. 1862ರ ಮಾರ್ಚ್ 9ರಂದು, ಅಮೆರಿಕದ ಅಂತರ್ಯುದ್ಧದಲ್ಲಿ, ಹ್ಯಾಂಪ್ಟನ್ ರೋಡ್ಸ್ ಎಂಬಲ್ಲಿ ಮಾನಿಟರ್ ಮತ್ತು ವರ್ಜೀನಿಯಾ ಎಂಬ ಎರಡು ಕಬ್ಬಿಣದ ಹಡಗುಗಳು ಗಂಟೆಗಟ್ಟಲೆ ಹೊಡೆದಾಡಿದವು. ವರ್ಜೀನಿಯಾದ ಗೋಡೆಗಳನ್ನು ಮನೆಯ ಮಾಡಿನ ಹಾಗೆ ಇಳಿಜಾರಾಗಿ ಕಟ್ಟಿದ್ದರು. ಮಾನಿಟರ್‌ನಲ್ಲಿದ್ದದ್ದು ಜಾನ್ ಡಾಲ್‌ಗ್ರೆನ್ ರೂಪಿಸಿದ 11 ಇಂಚಿನ ಫಿರಂಗಿಗಳು. ಮೇಲೆ ಹೇಳಿದ ಪರೀಕ್ಷಾ ಕೇಂದ್ರಕ್ಕೆ ಹೆಸರು ಬಂದಿರುವುದು ಇವರಿಂದಲೇ. ಆ ದಿನ ಯಾರೂ ಯಾರ ಕವಚವನ್ನೂ ತೂರಲಾಗಲಿಲ್ಲ.

ಅಲ್ಲಿಂದ ಮುಂದೆ ಗುಂಡು ಒಂದು ಹೆಜ್ಜೆ ಇಟ್ಟರೆ ಕವಚ ಇನ್ನೊಂದು ಹೆಜ್ಜೆ. ಮೊದಲು ಮೆದು ಕಬ್ಬಿಣದ ದಪ್ಪ ಹೆಚ್ಚಿಸುತ್ತ ಹೋದರು. ಬ್ರಿಟನ್ನಿನ ಇನ್‌ಫ್ಲೆಕ್ಸಿಬಲ್ ಹಡಗಿನಲ್ಲಿ ಅದು ಎರಡು ಪದರ ಸೇರಿ 24 ಇಂಚಿಗೆ ಮುಟ್ಟಿತು. ಹಾಗೇ ಮುಂದುವರಿದರೆ ಹಡಗು ಕವಚದ ಭಾರಕ್ಕೇ ಮುಳುಗಬೇಕು. ದಾರಿ ತೋರಿಸಿದ್ದು ಲೋಹವಿಜ್ಞಾನ. 1890ರ ದಶಕದಲ್ಲಿ ಅಮೆರಿಕದ ಹಾರ್ವೆ, ಆಮೇಲೆ ಜರ್ಮನಿಯ ಕ್ರುಪ್ ಕಂಪನಿ, ಉಕ್ಕಿನ ಮುಖಕ್ಕೆ ಇಂಗಾಲ ಉಣಿಸಿ ಗಡಸು ಮಾಡುವ ವಿಧಾನ ತಂದವು. ಕ್ರುಪ್ ಉಕ್ಕಿನಲ್ಲಿ ನಿಕಲ್ ಜೊತೆ ಕ್ರೋಮಿಯಂ ಕೂಡ ಇತ್ತು. ಅದರ 15 ಸೆಂಟಿಮೀಟರ್, ಹಾರ್ವೆ ಉಕ್ಕಿನ ಸುಮಾರು 20 ಸೆಂಟಿಮೀಟರಿಗೆ ಸಮ ಎಂದು ಲೆಕ್ಕ ಹಾಕುತ್ತಿದ್ದರು. ಇದರ ಹಿಂದಿನ ತತ್ವ ಹೀಗಿದೆ. ಗಡಸಾದ ಮುಖ ಬಂದ ಗುಂಡನ್ನು ಒಡೆಯಬೇಕು. ಬಾಗಬಲ್ಲ ಬೆನ್ನು ಆ ಪೆಟ್ಟನ್ನು ತಾಳಿಕೊಂಡು ಫಲಕ ಸೀಳದಂತೆ ಹಿಡಿದಿರಬೇಕು. ಒಂದೇ ಫಲಕದಲ್ಲಿ ಎರಡು ಸ್ವಭಾವ ಕೂಡಿಸುವ ಈ ಕೆಲಸ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ, ಅದೂ ಹತ್ತಾರು ಟನ್ ತೂಗುವ ಉಕ್ಕಿನಲ್ಲಿ. ಫಲಕ ದಪ್ಪವಾದಷ್ಟೂ ಒಳಗಿನವರೆಗೆ ಸಮನಾಗಿ ಕಾಯಿಸಿ ತಣಿಸುವುದು ಕಷ್ಟವಾಗುತ್ತದೆ. ಅತಿ ದಪ್ಪದ ಆ ಜಪಾನಿ ಫಲಕಗಳು ಹೊಡೆತಕ್ಕೆ ಬಿರುಕುಬಿಟ್ಟು ಒಡೆದದ್ದರಲ್ಲಿ ಇದರ ಪಾಲೂ ಇದೆ.

ಗಡಸು ಮುಖಕ್ಕೆ ಗುಂಡಿನ ಉತ್ತರ ಒಂದು ಟೋಪಿ. ರಷ್ಯಾದ ಅಡ್ಮಿರಲ್ ಮಕರೋವ್ ಈ ಟೋಪಿಯನ್ನು ಮುಂದಕ್ಕೆ ತಂದವರು. ಗುಂಡಿನ ಚೂಪು ಮೂತಿಯ ಮೇಲೆ ಕೂತ ಈ ಲೋಹದ ತುಂಡು ಬಡಿದ ಕ್ಷಣದ ಆಘಾತವನ್ನು ತಾನು ತೆಗೆದುಕೊಂಡು ಮೂತಿಯನ್ನು ಉಳಿಸುತ್ತದೆ. ಕವಚ ತೂರುವ ಗುಂಡಿನಲ್ಲಿ ಸಿಡಿಮದ್ದು ಎಷ್ಟಿರುತ್ತದೆ ಊಹಿಸಿ. ಡಾಲ್‌ಗ್ರೆನ್‌ನಲ್ಲಿ ಬಳಸಿದ ಮಾದರಿಯ 1,225 ಕಿಲೋ ಗುಂಡಿನಲ್ಲಿ ಅದು ಬರೀ 18 ಕಿಲೋ ಚಿಲ್ಲರೆ! ಮಿಕ್ಕದ್ದೆಲ್ಲ ಉಕ್ಕು. ಒಳಗೆ ಪೊಳ್ಳು ಹೆಚ್ಚಿದರೆ ಗುಂಡು ಕವಚದ ಮೇಲೇ ಪುಡಿಯಾಗುತ್ತದೆ. ಸಿಡಿಮದ್ದನ್ನು ಸಿಡಿಸುವ ಫ್ಯೂಸ್ ಕೂಡ ಬಡಿದ ತಕ್ಷಣ ಸಿಡಿಯದೆ, ಸೆಕೆಂಡಿನ ಸುಮಾರು ಮೂವತ್ತನೇ ಒಂದು ಭಾಗದಷ್ಟು ಕಾದು, ಗುಂಡು ಒಳಹೊಕ್ಕ ಮೇಲೆ ಸಿಡಿಯಬೇಕು.

ಇದರಲ್ಲಿ ಒಂದು ಕೊಂಡಿ ತಪ್ಪಿದರೆ ಏನಾಗುತ್ತದೆಂದು ಬ್ರಿಟಿಷರು 1916ರ ಮೇ 31ರಂದು ಜಟ್‌ಲೆಂಡ್ ಕದನದಲ್ಲಿ ಕಂಡರು. ಅವರ ಫಿರಂಗಿಗಳು ದೊಡ್ಡವು, ಗುರಿ ತಲುಪಿದ ಗುಂಡುಗಳೂ ಸಾಕಷ್ಟಿದ್ದವು. ಆದರೆ ಜರ್ಮನ್ ಕವಚಕ್ಕೆ ಓರೆಯಾಗಿ ಬಡಿದ ಹಲವು ಗುಂಡುಗಳು ಒಡೆದುಹೋದವು, ಇಲ್ಲವೇ ಒಳಗಿದ್ದ ಲಿಡೈಟ್ ಎಂಬ ಸಿಡಿಮದ್ದು ಫಲಕದಲ್ಲಿ ತೂರುವ ಮುನ್ನವೇ ಸಿಡಿಯಿತು. ಕಾರ್ಖಾನೆಯಿಂದ ಬಂದ ಗುಂಡನ್ನು ಅವರು ನೇರ ಹೊಡೆತದಲ್ಲಷ್ಟೇ ಪರೀಕ್ಷಿಸಿ ಒಪ್ಪಿಕೊಳ್ಳುತ್ತಿದ್ದರು. ಓರೆಯಲ್ಲೂ ತೂರುವ ಗುಂಡು ಬೇಕೆಂದು 1910ರಲ್ಲೇ ಬರೆದು ಕೇಳಿದ್ದ ಅಧಿಕಾರಿ ಜೆಲ್ಲಿಕೋ. ಜಟ್‌ಲೆಂಡ್‌ನಲ್ಲಿ ಬ್ರಿಟಿಷ್ ನೌಕಾಬಲದ ದಂಡನಾಯಕರೂ ಅವರೇ. ಸುಧಾರಿಸಿದ ಗುಂಡುಗಳು ಹಡಗುಗಳಿಗೆ ಬಂದದ್ದು 1918ರಲ್ಲಿ. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೇಳಬೇಕಾದವರು ಸಮಯಕ್ಕೆ ಸರಿಯಾಗಿ ಕೇಳಿದ್ದರು, ಪತ್ರ ಕಡತದಲ್ಲೇ ಉಳಿಯಿತು.

ಕೊನೆಯದಾಗಿ ಜರ್ಮನಿಯ ಯುದ್ಧನೌಕೆ ಬಿಸ್ಮಾರ್ಕ್. ಕವಚ ತೂರದಿದ್ದರೆ ಹಡಗು ಗೆದ್ದಂತೆ ಎಂದು ಯಾರೂ ಭಾವಿಸಬಾರದು ಎಂಬ ಕಾರಣಕ್ಕೆ ಇದನ್ನು ಹೇಳುತ್ತಿದ್ದೇನೆ. 1941ರ ಮೇ 27ರ ಬೆಳಿಗ್ಗೆ ಬ್ರಿಟನ್ನಿನ ರಾಡ್ನಿ ಮತ್ತು ಕಿಂಗ್ ಜಾರ್ಜ್ 5 ಹಡಗುಗಳು, ಜೊತೆಗೆ ಕ್ರೂಸರ್ ಎಂಬ ಚಿಕ್ಕ ಯುದ್ಧನೌಕೆಗಳು ಎರಡು, ಅದರ ಮೇಲೆ ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಗುಂಡು ಹಾರಿಸಿದವು. ಸುಮಾರು 400 ತಗುಲಿದವೆಂದು ಅಂದಾಜು. ಮುಂದೆ ಸಮುದ್ರದ ತಳಕ್ಕಿಳಿದು ನೋಡಿದವರಿಗೆ 320 ಮಿಲಿಮೀಟರಿನ ಪಕ್ಕೆಯ ಕವಚದಲ್ಲಿ ತೂರಿಹೋದ ಜಾಗ ಕಂಡದ್ದು ತೀರಾ ಕಡಿಮೆ. ಹಾಗೆಂದು ಬಿಸ್ಮಾರ್ಕ್ ಬದುಕಿತೇ? ಗುಂಡಿನ ದಾಳಿ ಶುರುವಾದದ್ದು 8:47ಕ್ಕೆ. ಗುರಿ ಲೆಕ್ಕ ಹಾಕುವ ಕೇಂದ್ರ ಬೇಗನೆ ಹಾಳಾಯಿತು, ಟರೆಟ್‌ಗಳು ಒಂದೊಂದಾಗಿ ಕೆಟ್ಟವು, ಮುಕ್ಕಾಲು ಗಂಟೆಯಲ್ಲಿ ದೊಡ್ಡ ಫಿರಂಗಿಗಳೆಲ್ಲ ನಿಂತುಹೋದವು. ದಪ್ಪ ಕವಚ ಕಾಪಾಡುತ್ತಿದ್ದದ್ದು ಎಂಜಿನ್ನನ್ನೂ ಮದ್ದಿನ ಕೋಣೆಯನ್ನೂ. ಮೇಲಿನ ಅಂತಸ್ತುಗಳಲ್ಲಿದ್ದ ಹೆಚ್ಚಿನ ಜನಕ್ಕೆ ಆ ರಕ್ಷಣೆ ಇರಲಿಲ್ಲ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿಯಲ್ಲಿ ಬದುಕಿ ಬಂದವರು ಸುಮಾರು 115.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ, ಕೋನದ ಲೆಕ್ಕವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ.